ಅನುಮೋದನೆಯ ಪಾಪ: ಕನ್ನಡನಾಡಿನ ಎರಡು ಶಾಸನಗಳು ಮತ್ತು ಸಿಖ್ಖರ ಅನುಭವ

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಪಾಪಾಸ್ರವದ ಲೆಕ್ಕವನ್ನು ಬಹು ಸೂಕ್ಷ್ಮವಾಗಿ ಬಿಡಿಸಿಟ್ಟಿದ್ದಾರೆ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು. ಮನ, ವಚನ, ಕಾಯಗಳೆಂಬ ಮೂರು. ಕೃತ, ಕಾರಿತ, ಅನುಮತಗಳೆಂಬ ಮೂರು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳು. ಇವುಗಳನ್ನು ಗುಣಿಸಿದರೆ 108 ಆಗುತ್ತದೆ. ಇವುಗಳಲ್ಲಿ ತಾನೇ ಮಾಡುವ ಕೃತವೂ ಇತರರಿಂದ ಮಾಡಿಸುವ ಕಾರಿತವೂ ಎಲ್ಲರಿಗೂ ಕಾಣುವಂತಹವು. ಮಾಡಿದವನನ್ನು ಮನಸ್ಸಿನಲ್ಲಿಯೇ ಸೈ ಎನ್ನುವ ಅನುಮತ, ಅಂದರೆ ಅನುಮೋದನೆ, ಯಾರಿಗೂ ಕಾಣುವುದಿಲ್ಲ. ಮತದ ಹೆಸರಿನಲ್ಲಿ ನಡೆಯುವ ಹಿಂಸೆಯು ಬೇರೂರುವುದು ಮುಖ್ಯವಾಗಿ ಈ ಕಾಣದ ನೆಲದಲ್ಲಿಯೇ. ಕತ್ತಿ ಹಿಡಿಯುವವರು ಬೆರಳೆಣಿಕೆಯಷ್ಟು. ಸುಮ್ಮನಿದ್ದು ಅವರಿಗೆ ಬಲ ಕೊಡುವವರು ಊರ ತುಂಬ.

ಈ ಮಾತಿಗೆ ಸಾಕ್ಷ್ಯವನ್ನು ದೂರ ಹುಡುಕಬೇಕಾಗಿಲ್ಲ. ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳಾದ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಬೆಟ್ಟಸಾಲು ಒಂದು ಕಾಲಕ್ಕೆ ಜಿನಧರ್ಮದ ನೆಲೆಯಾಗಿತ್ತು. ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗವನ್ನು ಇರುಂಗೋಳ ಚೋಳನು ಆಳುತ್ತಿದ್ದಾಗ, 1232ರಲ್ಲಿ, ಗಂಗೇಯನ ಮಾರೆಯನು ಅಲ್ಲಿ ಪಾರ್ಶ್ವಜಿನ ಬಸದಿಯನ್ನು ಕಟ್ಟಿಸಿದನು. ಮಧುಗಿರಿಯಲ್ಲಿ ಮಲ್ಲಿನಾಥ ಬಸದಿಯಿದೆ. ಪಾವಗಡದ ಗಡಿಯಾಚೆಗೆ, ಈಗಿನ ಆಂಧ್ರಪ್ರದೇಶದಲ್ಲಿ, ಪೆನುಗೊಂಡೆಯಿದೆ. ಇಂತಹ ನಾಡಿನ ಜೈನರು ಹದಿನಾಲ್ಕನೆಯ ಶತಮಾನದಲ್ಲಿ ಸಂಕಟಕ್ಕೆ ಸಿಕ್ಕಿದರು.

ಶಕವರ್ಷ 1290, ಕ್ರಿ.ಶ. 1368ರ ಶಾಸನವೊಂದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ವಿಜಯನಗರದ ಬುಕ್ಕರಾಯನ ಕಾಲದ್ದು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹಪಟ್ಟಣಗಳೊಳಗಾದ ಸಮಸ್ತ ನಾಡಿನ ಭವ್ಯಜನರು, ಶ್ರೀವೈಷ್ಣವ ಭಕ್ತರು ತಮಗೆ ಮಾಡುವ ಅನ್ಯಾಯಗಳನ್ನು ಅರಸನಿಗೆ ಬಿನ್ನಹ ಮಾಡಿಕೊಂಡರೆಂದು ಆ ಕಲ್ಲು ಹೇಳುತ್ತದೆ. ಅರಸನು ಒಳಗೊಳಗೇ ಆಜ್ಞೆ ಹೊರಡಿಸಿ ಸುಮ್ಮನಾಗಲಿಲ್ಲ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆ ಮೊದಲಾದ ಕ್ಷೇತ್ರಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಕೂಡಿಸಿ, ಎರಡೂ ಪಕ್ಷದವರ ಎದುರಿನಲ್ಲಿ, ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಸಾರಿ, ವೈಷ್ಣವರ ಕೈಯಲ್ಲಿ ಜೈನರ ಕೈಯನ್ನು ಹಿಡಿದು ಕೊಟ್ಟನು. ಪಂಚಮಹಾವಾದ್ಯ, ಕಲಶಗಳ ಗೌರವ ಜೈನರಿಗೆ ಮೊದಲಿನಂತೆಯೇ ಉಳಿಯಿತು.

ಈ ಶಾಸನವನ್ನು ಅರಸನ ಔದಾರ್ಯದ ಗುರುತೆಂದು ಮಾತ್ರ ಓದುವುದು ವಾಡಿಕೆ. ಆದರೆ ಅದರ ತಿರುಳು ಬೇರೆಡೆ ಇದೆ. ಭಕ್ತರಿಂದ ಜೈನ ದರ್ಶನಕ್ಕೆ ಹಾನಿಯಾದರೆ ಅದನ್ನು ವೈಷ್ಣವರು ತಮ್ಮ ದರ್ಶನಕ್ಕೇ ಆದ ಹಾನಿಯೆಂದು ಬಗೆಯಬೇಕೆಂದು ಅಲ್ಲಿ ಕಟ್ಟು ಮಾಡಲಾಗಿದೆ. ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲುಗಾರರನ್ನು ನೇಮಿಸಿ, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ಕೆಲಸದ ಹೊಣೆ ಬಿದ್ದುದು ವೈಷ್ಣವರೇ ಆದ ತಿರುಮಲೆಯ ತಾತಯ್ಯನವರ ಮೇಲೆ. ಜೈನ ಬಸದಿಯ ಕಾವಲು ವೈಷ್ಣವ ಗುರುವಿನ ಕೈಗೆ ಬಂದಾಗ, ಕಿಡಿಗೇಡಿಗಳಿಗೆ ತಮ್ಮವರಿಂದಲೇ ದೊರೆಯುತ್ತಿದ್ದ ಮೌನಸಮ್ಮತಿ ನಿಂತುಹೋಗುತ್ತದೆ. ಒಪ್ಪಂದವನ್ನು ಮೀರಿದವನು ರಾಜದ್ರೋಹಿ ಮಾತ್ರವಲ್ಲ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ ಎಂಬ ಮಾತೂ ಅಲ್ಲಿದೆ. ಈ ಕಾರ್ಯದಲ್ಲಿ ಮುಂದೆ ನಿಂತವನು ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ. ಎರಡು ಸಮಯದವರೂ ಒಂದಾಗಿ ಆತನಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದರು.

ಎರಡನೆಯ ಶಾಸನ 1638ರದು. ಹಳೇಬೀಡಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬ ವೀರಶೈವನು ಲಿಂಗಮುದ್ರೆಯನ್ನು ಒತ್ತಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಬೇಲೂರು ಸೀಮೆಯಲ್ಲಿ ಕಲಹವೇಳುವ ಸಂದರ್ಭ. ಆಗ ವೀರಶೈವರ ಮಹಾಮಹತ್ತಿನವರು ಸಭೆ ಸೇರಿ, ಉಭಯ ಪಕ್ಷವನ್ನೂ ವಿಚಾರಿಸಿದರು. ಮೊದಲು ವಿಭೂತಿ ವೀಳ್ಯಗಳನ್ನು ಕೊಡಿಸಿ, ಆಮೇಲೆ ಜೈನರು ತಮ್ಮ ಪೂಜೆ ವೈಭವಗಳನ್ನು ಎಂದಿನಂತೆ ನಡೆಸಬಹುದೆಂದು ತೀರ್ಮಾನಿಸಿದರು. ಜೈನಧರ್ಮಕ್ಕೆ ಅಡ್ಡಿ ಮಾಡುವ ವೀರಶೈವನು ಶಿವದ್ರೋಹಿ, ಜಂಗಮದ್ರೋಹಿ ಎಂದು ಬರೆಯಿಸಿದರು. ಮೊದಲು ವಿಭೂತಿಯೆಂಬ ಷರತ್ತಿನಲ್ಲಿ ಬಲಿಷ್ಠರ ಮೇಲುಗೈ ಇಲ್ಲದಿಲ್ಲ. ಆದರೂ ತಮ್ಮವನೇ ತಪ್ಪು ಮಾಡಿದಾಗ ಅವನ ಬೆನ್ನಿಗೆ ನಿಲ್ಲುವುದಿಲ್ಲವೆಂದು ತಮ್ಮ ದೇವರ ಹೆಸರಿನಲ್ಲಿಯೇ ಹೇಳುವುದು ಸಣ್ಣ ಮಾತಲ್ಲ.

ಅದೇ 1638ರಲ್ಲಿ ಸಿರಾ ಕೋಟೆ ಬಿಜಾಪುರದ ರಣದುಲ್ಲಾಖಾನನ ವಶವಾಯಿತು. 1687ರಲ್ಲಿ ಔರಂಗಜೇಬನ ಸೇನೆ ಬಂದು, ಸಿರಾ ಮೊಗಲರ ಒಂದು ಸುಬಾದ ರಾಜಧಾನಿಯಾಯಿತು. ಪೆನುಗೊಂಡೆಯೂ ಅದರೊಳಗೆ ಸೇರಿತು. ಸಿರಾವನ್ನು ಆಳಿದ ಅದೇ ಚಕ್ರವರ್ತಿಯ ಆಳ್ವಿಕೆಯಲ್ಲಿ, ಅದಕ್ಕೆ ಹನ್ನೆರಡು ವರ್ಷ ಮೊದಲು, ದೂರದ ದೆಹಲಿಯಲ್ಲಿ ಸಿಖ್ಖರ ಒಂಬತ್ತನೆಯ ಗುರುವಿನ ಶಿರಚ್ಛೇದವಾಗಿತ್ತು. ಮತೀಯ ಹಿಂಸೆಯನ್ನು ಕುರಿತು ಸಿಖ್ಖರು ಏನು ಎಣಿಸುತ್ತಾರೆಂಬುದನ್ನು ತಿಳಿಯಬೇಕಾದರೆ ಅಲ್ಲಿಂದಲೇ ಆರಂಭಿಸಬೇಕು.

ಗುರು ತೇಗ್ ಬಹಾದ್ದೂರರು 1675ರಲ್ಲಿ ಪ್ರಾಣ ಕೊಟ್ಟುದು ತಮ್ಮ ಮತಕ್ಕಾಗಿ ಮಾತ್ರವಲ್ಲ. ಬಲವಂತದ ಮತಾಂತರಕ್ಕೆ ಅಂಜಿ ಕಾಶ್ಮೀರದ ಪಂಡಿತರು ಅವರಲ್ಲಿಗೆ ಮೊರೆಯಿಡಲು ಬಂದಿದ್ದರೆಂದು ಸಿಖ್ ಪರಂಪರೆ ಹೇಳುತ್ತದೆ. ಪಂಡಿತರ ಜನಿವಾರವನ್ನು ಮೊದಲ ಗುರು ನಾನಕರು ತಮ್ಮ ಬಾಲ್ಯದಲ್ಲಿಯೇ ಬೇಡವೆಂದಿದ್ದರು. ತಾವು ಒಪ್ಪದ ಆಚಾರವನ್ನು ಇತರರು ಆಚರಿಸುವ ಹಕ್ಕಿಗಾಗಿ ತಲೆಯೊಪ್ಪಿಸಿದ ಈ ಪ್ರಸಂಗವೇ ಸಿಖ್ಖರ ಮನಸ್ಸಿನಲ್ಲಿ ಧರ್ಮಸಹಿಷ್ಣುತೆಯ ಅಳತೆಗೋಲು. ವಾದಕ್ಕೂ ಆ ಮತದಲ್ಲಿ ಗೌರವದ ಸ್ಥಾನವುಂಟು. ಕೊರಟಗೆರೆಯ ಸಿದ್ಧರಬೆಟ್ಟವನ್ನು ಕಂಡವರಿಗೆ ಸಿದ್ಧರ ಪರಂಪರೆ ಹೊಸದಲ್ಲ; ಅಂತಹ ಸಿದ್ಧಯೋಗಿಗಳೊಡನೆ ನಾನಕರು ನಡೆಸಿದ ಪ್ರಶ್ನೋತ್ತರವು ಸಿದ್ಧಗೋಷ್ಠಿ ಎಂಬ ಹೆಸರಿನಿಂದ ಗುರುಗ್ರಂಥದಲ್ಲಿಯೇ ಸೇರಿದೆ. ಕಬೀರ, ನಾಮದೇವ, ರವಿದಾಸ, ಶೇಖ್ ಫರೀದರ ವಾಣಿಗೂ ಅಲ್ಲಿ ಸ್ಥಾನ ದೊರೆತಿದೆ. ನಿತ್ಯದ ಅರ್ದಾಸ್ ಪ್ರಾರ್ಥನೆ ಮುಗಿಯುವುದು ಸರ್ವರ ಹಿತವನ್ನು ಕೋರುವುದರೊಡನೆ.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸರ್‌ಹಿಂದ್‌ನ ನವಾಬ ವಜೀರ್ ಖಾನನು ಗುರು ಗೋವಿಂದಸಿಂಹರ ಇಬ್ಬರು ಎಳೆಯ ಮಕ್ಕಳನ್ನು ಕೊಲ್ಲಿಸಿದನು. ಆ ದರ್ಬಾರಿನಲ್ಲಿಯೇ ಎದ್ದು ನಿಂತು ಇದು ಅಧರ್ಮವೆಂದವನು ಮಲೇರ್ಕೋಟ್ಲಾದ ನವಾಬ ಶೇರ್ ಮಹಮ್ಮದ್ ಖಾನ್, ಅದೇ ಪಕ್ಷದ ಮುಸಲ್ಮಾನ. ಮಕ್ಕಳ ಅಂತ್ಯಕ್ರಿಯೆಗೆ ಬೇಕಾದಷ್ಟು ನೆಲವನ್ನು ಚಿನ್ನದ ನಾಣ್ಯ ಹಾಸಿ ಕೊಂಡವನು ದಿವಾನ್ ತೋಡರಮಲ್ಲ. ಆತನು ಜೈನ ವರ್ತಕನೆಂದು ಪರಂಪರೆ ಹೇಳುತ್ತದೆ. ಸಿಖ್ಖರು ಇಬ್ಬರನ್ನೂ ಮರೆಯಲಿಲ್ಲ. 1947ರಲ್ಲಿ ಪಂಜಾಬವೆಲ್ಲ ಹೊತ್ತಿ ಉರಿದಾಗ ಮಲೇರ್ಕೋಟ್ಲಾ ಬಹುಮಟ್ಟಿಗೆ ಆ ಬೆಂಕಿಯಿಂದ ಪಾರಾಯಿತು. ತನ್ನವರ ತಪ್ಪಿಗೆ ಒಬ್ಬನು ಅನುಮೋದನೆ ಕೊಡದಿದ್ದುದರ ಫಲ ಎರಡೂವರೆ ಶತಮಾನಗಳ ಅನಂತರವೂ ಒಂದು ಊರನ್ನು ಕಾಯಿತು.

ಇಂತಹ ಪರಂಪರೆಯ ಜನರೂ ಉಗ್ರವಾದದ ಸುಳಿಗೆ ಸಿಕ್ಕಿದ್ದುಂಟು. 1983ರ ಅಕ್ಟೋಬರ್ 5ರಂದು ಪಂಜಾಬಿನ ಧಿಲ್ವಾನ್ ಬಳಿ ಉಗ್ರರು ಬಸ್ಸೊಂದನ್ನು ತಡೆದು, ಆರು ಮಂದಿ ಹಿಂದೂ ಪ್ರಯಾಣಿಕರನ್ನು ಬೇರ್ಪಡಿಸಿ ಕೊಂದರು. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನದಲ್ಲಿ ಬಾಂಬು ಸಿಡಿದು 329 ಮಂದಿ ಸತ್ತರು. ಇವೆರಡರ ನಡುವೆ, 1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಇಬ್ಬರು ಅಂಗರಕ್ಷಕರ ಅಪರಾಧಕ್ಕೆ, ಅದರ ಗಂಧಗಾಳಿಯೂ ಇಲ್ಲದ ಸಿಖ್ಖರು ಬೀದಿಬೀದಿಗಳಲ್ಲಿ ಬೆಲೆ ತೆರಬೇಕಾಯಿತು. ದೆಹಲಿಯೊಂದರಲ್ಲಿಯೇ ಸರಕಾರದ ಲೆಕ್ಕದಂತೆ 2,733 ಮಂದಿ ಕೊಲೆಯಾದರು.

ಈ ವಿಷ ಕನ್ನಡನಾಡಿಗೂ ಹರಿದು ಬಂತು. ಬೀದರಿನಲ್ಲಿ ಗುರುನಾನಕ ಝೀರಾ ಎಂಬ ಸಿಹಿನೀರಿನ ಚಿಲುಮೆಯಿದೆ. ನಾನಕರು ದಕ್ಷಿಣಯಾತ್ರೆಯಲ್ಲಿ ಅಲ್ಲಿಗೆ ಬಂದಿದ್ದರೆಂದು ನಂಬಿಕೆ. 1699ರಲ್ಲಿ ಗುರು ಗೋವಿಂದಸಿಂಹರು ಖಾಲ್ಸಾ ಸ್ಥಾಪಿಸಿದಾಗ ಮುಂದೆ ಬಂದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಅಂತಹ ಊರಿನಲ್ಲಿ 1988ರ ಸೆಪ್ಟೆಂಬರಿನಲ್ಲಿ, ಗಣೇಶೋತ್ಸವದ ಕಾಲಕ್ಕೆ, ಚಂದಾ ಎತ್ತುವ ವಿಚಾರದಿಂದ ಎದ್ದ ಜಗಳ ಗಲಭೆಯಾಗಿ, ಉತ್ತರದಿಂದ ಓದಲು ಬಂದಿದ್ದ ಆರು ಮಂದಿ ಸಿಖ್ ವಿದ್ಯಾರ್ಥಿಗಳು ಗುಂಪಿನ ಕೈಯಲ್ಲಿ ಹತರಾದರು. ಅದು ಭಾದ್ರಪದ ಮಾಸ. ಜೈನರು ದಶಲಕ್ಷಣ ಪರ್ವವನ್ನು ಆಚರಿಸಿ, ಉತ್ತಮ ಕ್ಷಮೆಯನ್ನು ಮೊದಲ ಧರ್ಮವೆಂದು ಪೂಜಿಸುವ ಮಾಸವೂ ಅದೇ. ಬುಕ್ಕರಾಯನ ಕಲ್ಲಿರುವ ನಾಡಿನಲ್ಲಿಯೇ ಇದು ನಡೆಯಿತೆಂಬುದನ್ನು ಮರೆಯುವಂತಿಲ್ಲ.

ಆ ದುರ್ದಿನಗಳಲ್ಲಿ ತಮ್ಮವರ ನಡುವೆಯೇ ಎದ್ದು ನಿಂತು ಬೇಡವೆಂದ ಸಿಖ್ಖರ ಹೆಸರುಗಳನ್ನೂ ಇತಿಹಾಸ ಬರೆದಿಟ್ಟುಕೊಂಡಿದೆ. ಕೆನಡಾದಲ್ಲಿ ವಕೀಲರಾಗಿದ್ದ ಉಜ್ಜಲ್ ದೋಸಾಂಜರು ಉಗ್ರವಾದವನ್ನು ಬಹಿರಂಗವಾಗಿ ಖಂಡಿಸಿದುದಕ್ಕಾಗಿ 1985ರ ಫೆಬ್ರವರಿಯಲ್ಲಿ ಕಬ್ಬಿಣದ ಸಲಾಕೆಯ ಏಟು ತಿಂದರು. 2000ದಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಮುಖ್ಯಮಂತ್ರಿಯಾದರು. ಸಂತ ಹರಚಂದ್ ಸಿಂಗ್ ಲೋಂಗೋವಾಲರು 1985ರ ಜುಲೈ 24ರಂದು ರಾಜೀವ್ ಗಾಂಧಿಯವರೊಡನೆ ಶಾಂತಿಯ ಒಪ್ಪಂದಕ್ಕೆ ಸಹಿ ಹಾಕಿದರು. ಒಂದು ತಿಂಗಳು ತುಂಬುವ ಮೊದಲೇ, ಆಗಸ್ಟ್ 20ರಂದು, ಉಗ್ರರ ಗುಂಡಿಗೆ ಬಲಿಯಾದರು. ಕೆನಡಾದ ಪಂಜಾಬಿ ಪತ್ರಿಕೆಯ ಸಂಪಾದಕ ತಾರಾ ಸಿಂಗ್ ಹೇಯರರು 1988ರಲ್ಲಿ ಗುಂಡು ತಗಲಿ ಕಾಲುಗಳ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಬರೆಯುತ್ತಿದ್ದ ಅವರನ್ನು 1998ರ ನವೆಂಬರಿನಲ್ಲಿ ಕೊಂದರು. ವಾದಕ್ಕೆ ವಾದದಿಂದ ಉತ್ತರಿಸಲಾರದವನೇ ಆಯುಧವನ್ನು ಎತ್ತುತ್ತಾನೆ.

ರಾಷ್ಟ್ರದ ಪಾಲಿನ ಪ್ರಾಯಶ್ಚಿತ್ತ ಬಹಳ ತಡವಾಗಿ ಬಂತು. 2005ರ ಆಗಸ್ಟಿನಲ್ಲಿ ಪ್ರಧಾನಿ ಮನಮೋಹನ್ ಸಿಂಗರು ರಾಜ್ಯಸಭೆಯಲ್ಲಿ 1984ರ ಘಟನೆಗಾಗಿ ಕ್ಷಮೆ ಕೇಳಿದರು. ಕ್ಷಮೆ ಕೇಳಿದವರೇ ಸಿಖ್ಖರು. ಆಡಳಿತ ಪಕ್ಷದ ಮುಖಂಡರಾಗಿದ್ದ ಸಜ್ಜನ್ ಕುಮಾರರಿಗೆ ದೆಹಲಿ ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿದುದು 2018ರ ಡಿಸೆಂಬರಿನಲ್ಲಿ, 34 ವರ್ಷಗಳ ಬಳಿಕ. ಸಾಲಕ್ಕೆ ಬಡ್ಡಿ ಬೆಳೆಯುವಂತೆ ಅನ್ಯಾಯಕ್ಕೂ ಬಡ್ಡಿ ಬೆಳೆಯುತ್ತದೆ. ತೀರಿಸುವುದು ತಡವಾದಷ್ಟೂ ಅದು ಮಕ್ಕಳ ತಲೆಯ ಮೇಲೆ ಬೀಳುತ್ತದೆ.

ಕಿರ್ಪಾಣ ಧರಿಸುವ ಸಿಖ್ಖರಿಂದ ಅಹಿಂಸಾವ್ರತಿಗಳಾದ ಜೈನರು ಕಲಿಯುವುದೇನಿದೆಯೆಂದು ಕೆಲವರಿಗೆ ತೋರಬಹುದು. ಶ್ರಾವಕಾಚಾರವನ್ನು ಬಲ್ಲವರಿಗೆ ಈ ಸಂಶಯ ಉಳಿಯದು. ಹಿಂಸೆಯಲ್ಲಿ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆ. ಅಡುಗೆ, ಮನೆವಾರ್ತೆಗಳಲ್ಲಿ ಆಗುವುದು ಆರಂಭೀ. ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ. ಆಕ್ರಮಣಕಾರನನ್ನು ತಡೆಯುವಾಗ ಆಗುವುದು ವಿರೋಧೀ. ಇವು ಗೃಹಸ್ಥನಿಗೆ ಪೂರ್ತಿಯಾಗಿ ತಪ್ಪವು. ಆದರೆ ಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಅಣುವ್ರತಿಯು ಸರ್ವಥಾ ಬಿಡಲೇಬೇಕು. ಅಬಲರ ರಕ್ಷಣೆಗೆ ಬೇರೆಲ್ಲ ಮಾರ್ಗಗಳು ಮುಗಿದಾಗ ಮಾತ್ರ ಖಡ್ಗವೆಂಬ ಗುರು ಗೋವಿಂದಸಿಂಹರ ನಿಲುವು ವಿರೋಧೀ ಹಿಂಸೆಯ ಗಡಿಯೊಳಗೆ ಬರುತ್ತದೆ. ಧಿಲ್ವಾನಿನ ಬಸ್ಸು, ಕನಿಷ್ಕದ ಬಾಂಬು, ದೆಹಲಿಯ ಬೆಂಕಿ, ಬೀದರಿನ ಗುಂಪು ಇವೆಲ್ಲವೂ ಸಂಕಲ್ಪೀ ಹಿಂಸೆಗಳೇ. ಮಾಡಿದವರ ಮತ ಯಾವುದಾದರೂ ಪಾಪದ ಜಾತಿ ಒಂದೇ.

ಜೈನ ಸಮಾಜವು ಈ ಲೆಕ್ಕದಲ್ಲಿ ಕೇವಲ ನೊಂದವರ ಪಂಕ್ತಿಯಲ್ಲಿ ಕುಳಿತುಕೊಳ್ಳುವುದೂ ಸರಿಯಲ್ಲ. ಮಹಾರಾಷ್ಟ್ರದ ಶಿರಪುರದ ಅಂತರಿಕ್ಷ ಪಾರ್ಶ್ವನಾಥನ ಬಾಗಿಲಿಗೆ ದಿಗಂಬರ ಶ್ವೇತಾಂಬರರ ವ್ಯಾಜ್ಯದಿಂದಾಗಿ ನಾಲ್ಕು ದಶಕಗಳ ಕಾಲ ಬೀಗ ಬಿದ್ದಿತ್ತು. ಅದು ತೆರೆದುದು 2023ರಲ್ಲಿ, ಸುಪ್ರೀಂ ಕೋರ್ಟಿನ ಆದೇಶದಿಂದ. ಅನೇಕಾಂತವನ್ನು ಲೋಕಕ್ಕೆ ಬೋಧಿಸುವವರು ತಮ್ಮೊಳಗಿನ ಇಬ್ಬರನ್ನು ಒಂದು ಸಭೆಯಲ್ಲಿ ಕೂರಿಸಲಾರದೆ ಹೋದರು. ಇನ್ನು ವರ್ತಕರ ಮಾತು. ಪೇಟೆಯಲ್ಲಿ ಗಲಭೆಯ ಸುಳಿವು ಸಿಕ್ಕಿದೊಡನೆ ಅಂಗಡಿಯ ಬಾಗಿಲನ್ನು ಎಳೆದುಕೊಂಡು, ಯಾರ ಪರವೂ ಬೇಡವೆಂದು ಮನೆ ಸೇರುವುದು ಜಾಣತನವೆಂದೇ ಎಲ್ಲೆಡೆ ಎಣಿಕೆ. ಪ್ರಾಣಭಯದಿಂದ ಬಾಗಿಲು ಹಾಕುವುದು ದೋಷವಲ್ಲ. ಆದರೆ ಮರುದಿನ ಬಾಗಿಲು ತೆರೆದು, ಮಾಡಿದವರೂ ನಮ್ಮ ಗಿರಾಕಿಗಳೇ ಎಂದು ನಗುತ್ತ ತಕ್ಕಡಿ ಹಿಡಿದರೆ, ಆ ತಕ್ಕಡಿಯ ಒಂದು ತಟ್ಟೆಯಲ್ಲಿ ಅನುಮೋದನೆಯ ಭಾರ ಕುಳಿತಿರುತ್ತದೆ.

ಬುಸುವಿಸೆಟ್ಟಿಯೂ ವರ್ತಕ ಕುಲದವನೇ, ತೋಡರಮಲ್ಲನೂ ವರ್ತಕನೆಂದೇ ಪ್ರತೀತಿ. ಒಬ್ಬನು ತನ್ನವರ ನೋವನ್ನು ಮುಚ್ಚಿಡದೆ ಅರಸನ ಮುಂದಿಟ್ಟನು. ಇನ್ನೊಬ್ಬನು ತನ್ನವರಲ್ಲದವರ ಮಕ್ಕಳಿಗಾಗಿ ತನ್ನ ಧನವನ್ನು ನೆಲಕ್ಕೆ ಹಾಸಿದನು. 1368ರಲ್ಲಿ ಮನೆಗೊಂದು ಹಣದಂತೆ ಕೊಟ್ಟ ಜೈನರು ಕಟ್ಟಿದುದು ಕಾವಲಿನ ಹಣ ಮಾತ್ರವಲ್ಲ, ನೆರೆಯವನ ಮೇಲಿಟ್ಟ ನಂಬಿಕೆಯ ಮುಂಗಡವೂ ಹೌದು. ಪ್ರತಿ ವರ್ಷ ಕ್ಷಮಾವಣಿಯ ದಿನ ಶ್ರಾವಕರು ಸಕಲ ಜೀವಿಗಳಲ್ಲಿ ಕ್ಷಮೆ ಬೇಡುತ್ತಾರೆ. ಕೃತಕ್ಕೂ ಕಾರಿತಕ್ಕೂ ಬೇಡುವ ಆ ಕ್ಷಮೆಯಲ್ಲಿ, ಆ ವರ್ಷ ಸುಮ್ಮನಿದ್ದು ಒಪ್ಪಿಕೊಂಡುದಕ್ಕೂ ಒಂದು ಪಾಲಿರಬೇಕು. ಮುಂದಿನ ವರ್ಷ ಆ ಪಾಲು ಕಡಿಮೆಯಾಗುವಂತೆ ನಡೆದುಕೊಳ್ಳುವುದೇ ನಿಜವಾದ ಪ್ರತಿಕ್ರಮಣ.