ಎರಡು ಕ್ಷಾಮಗಳ ಛಾಯಾಚಿತ್ರಗಳು

ಧಾತು, ಈಶ್ವರ ಸಂವತ್ಸರಗಳ ಬರವನ್ನು ಕನ್ನಡ ನಾಡಿನ ಹಿರಿಯರು ಬಹುಕಾಲ ಮರೆಯಲಿಲ್ಲ. ಸನ್ 1876ರಿಂದ 1878ರ ವರೆಗೆ ದಕ್ಷಿಣ ಭಾರತವನ್ನು ಪೀಡಿಸಿದ ಆ ಕ್ಷಾಮದ ಘೋರತೆಯನ್ನು ಖಾನೇಷುಮಾರಿಯ ಅಂಕೆಗಳೇ ಸಾರುತ್ತವೆ. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. ಅಂಕೆಗಳು ತೋರಿಸಲಾರದ ಮುಖಗಳನ್ನು ಅಂದಿನ ಛಾಯಾಚಿತ್ರಗಳು ಉಳಿಸಿಕೊಂಡಿವೆ.

ಮದರಾಸು ಪ್ರಾಂತದಲ್ಲಿ ಈ ಚಿತ್ರಗಳನ್ನು ತೆಗೆದವನು ವಿಲೋಬಿ ವಾಲೇಸ್ ಹೂಪರ್ ಎಂಬ ಸೈನ್ಯಾಧಿಕಾರಿ. ಛಾಯಾಗ್ರಹಣವು ಆಗ ಪ್ರಯಾಸದ ಕೆಲಸವಾಗಿದ್ದಿತು. ಭಾರವಾದ ಪೆಟ್ಟಿಗೆಯನ್ನು ಮೂರು ಕಾಲಿನ ಪೀಠದ ಮೇಲೆ ನಿಲ್ಲಿಸಿ, ಗಾಜಿನ ಫಲಕದ ಮೇಲೆ ಬಿಂಬವು ಮೂಡುವ ವರೆಗೆ ಎದುರಿನವರನ್ನು ಕದಲದಂತೆ ಇರಿಸಬೇಕಾಗಿದ್ದಿತು. ಆದುದರಿಂದ ಆ ಚಿತ್ರಗಳಲ್ಲಿ ಎಲುಬುಗೂಡಾದ ಗಂಡಸರು, ಹೆಂಗಸರು, ಮಕ್ಕಳು ಸಿರಿವಂತರ ಕುಟುಂಬಚಿತ್ರದಲ್ಲಿರುವಂತೆ ಗುಂಪುಗೂಡಿ ಕುಳಿತಿರುವರು. ಅವರನ್ನು ಹಾಗೆ ಕುಳ್ಳಿರಿಸಿದ ಕೈ ಮಾತ್ರ ಚಿತ್ರದಲ್ಲಿ ಕಾಣುವುದಿಲ್ಲ.

ಛಾಯಾಚಿತ್ರವನ್ನು ಇದ್ದಂತೆಯೇ ಪತ್ರಿಕೆಯಲ್ಲಿ ಅಚ್ಚುಮಾಡುವ ವಿದ್ಯೆಯು ಅಂದು ಬಳಕೆಗೆ ಬಂದಿರಲಿಲ್ಲ. ಕೆತ್ತನೆಗಾರರು ಅದನ್ನು ನೋಡಿ ಮರದ ಅಚ್ಚನ್ನು ಕೊರೆಯುತ್ತಿದ್ದರು. ಹೀಗೆ ಬರದ ಚಿತ್ರಗಳು 1877ರಲ್ಲಿ ಲಂಡನ್ನಿನ ಸಚಿತ್ರ ವಾರಪತ್ರಿಕೆಗಳನ್ನು ಸೇರಿದುವು. ಅದೇ ವರ್ಷ ಆ ನಗರದ ಮೇಯರು ತೆರೆದ ಪರಿಹಾರನಿಧಿಗೆ ಲಕ್ಷಗಟ್ಟಲೆ ಪೌಂಡು ಹಣ ಕೂಡಿತು. ನೋಡಿದವರಲ್ಲಿ ಕರುಣೆಯು ಹುಟ್ಟಿತು. ಆದರೆ ಹಸಿದ ನಾಡಿನಿಂದ ಧಾನ್ಯವು ರಫ್ತಾಗುತ್ತಿದ್ದುದೇಕೆ, ಬರಗಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕಕ್ಕೆ ಇಳಿಸಿದುದೇಕೆ ಎಂಬುದನ್ನು ಆ ಚಿತ್ರಗಳಿಂದ ಯಾರೂ ತಿಳಿಯುವಂತಿರಲಿಲ್ಲ.

ಇದಾದ ಅರುವತ್ತಾರು ವರ್ಷಗಳ ಮೇಲೆ, 1943ರಲ್ಲಿ, ಬಂಗಾಳದಲ್ಲಿ ಮತ್ತೊಂದು ಕ್ಷಾಮವು ತಲೆದೋರಿತು. ಯುದ್ಧಕಾಲವಾದುದರಿಂದ ಸರಕಾರವು ಕ್ಷಾಮವೆಂಬ ಮಾತನ್ನೇ ಆಡಲೊಲ್ಲದೆ ಇದ್ದಿತು. ಪತ್ರಿಕೆಗಳ ಬರೆಹಕ್ಕೂ ಕಟ್ಟುಪಾಡುಗಳಿದ್ದುವು. ಆಗ ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸನು ಆಗಸ್ಟ್ 22ರಂದು, ಬೀದಿಗಳಲ್ಲಿ ಸಾಯುತ್ತಿದ್ದವರ ಛಾಯಾಚಿತ್ರಗಳನ್ನು ಪ್ರಕಟಿಸಿದನು. ಆಂಗ್ಲರದೇ ಆದ ಪತ್ರಿಕೆಯಲ್ಲಿ ಬಂದ ಚಿತ್ರಗಳನ್ನು ಸುಳ್ಳೆಂದು ತಳ್ಳಿಹಾಕುವುದು ಅಧಿಕಾರಿಗಳಿಗೆ ಸುಲಭವಾಗಲಿಲ್ಲ. ಸುನಿಲ್ ಜಾನಾ ಎಂಬ ತರುಣರು ಹಳ್ಳಿಗಳನ್ನು ಸುತ್ತಿ ತೆಗೆದ ಚಿತ್ರಗಳು ಕಮ್ಯೂನಿಸ್ಟ್ ಪಕ್ಷದ ವಾರಪತ್ರಿಕೆಯಲ್ಲಿ ಪಿ. ಸಿ. ಜೋಶಿಯವರ ಲೇಖನಗಳೊಡನೆ ಬೆಳಕು ಕಂಡುವು. ಚಿತ್ರವು ಹಸಿವನ್ನು ತೋರಿಸಿತು. ಲೇಖನವು ಅದರ ಕಾರಣವನ್ನು ವಿಚಾರಿಸಿತು. ಮಡಿದವರು ಸುಮಾರು 15 ಲಕ್ಷವೆಂದು ಸರಕಾರದ ವಿಚಾರಣಾ ಮಂಡಲಿಯೇ 1945ರಲ್ಲಿ ಹೇಳಿತು.

ಎರಡು ಕ್ಷಾಮಗಳ ಚಿತ್ರಗಳಲ್ಲಿಯೂ ಬತ್ತಿದ ಒಡಲುಗಳು ಒಂದೇ ತೆರನಾಗಿವೆ. ಮೊದಲನೆಯವು ದೂರದ ದಾನಿಗಳ ಎದೆಯನ್ನು ಕರಗಿಸಿದುವು. ಎರಡನೆಯವು ಆಳುವವರನ್ನು ಉತ್ತರಕ್ಕೆ ಹಿಡಿದುವು. ಛಾಯಾಚಿತ್ರವು ಕಂಡುದನ್ನು ಹೇಳಬಲ್ಲ ಸಾಕ್ಷಿ. ಆ ಸಾಕ್ಷಿಯನ್ನು ಯಾರ ಮುಂದೆ, ಯಾವ ಪ್ರಶ್ನೆಯೊಡನೆ ನಿಲ್ಲಿಸಬೇಕೆಂಬ ವಿವೇಕವೇ ಪತ್ರಿಕಾ ಛಾಯಾಗ್ರಹಣದ ಧರ್ಮವಾಗಿದೆ.