ದಕ್ಷಿಣ ಕನ್ನಡದಲ್ಲಿ ಜಮೀನು ಖರೀದಿ

ದಕ್ಷಿಣ ಕನ್ನಡದಲ್ಲಿ ಜಮೀನು ಖರೀದಿ ಎಂದರೆ ಜಿಲ್ಲೆಯ ಕೃಷಿಭೂಮಿ, ಮನೆ ನಿವೇಶನ ಅಥವಾ ಕಟ್ಟಡವನ್ನು ಹುಡುಕಿ, ದಾಖಲೆಗಳನ್ನು ಪರಿಶೀಲಿಸಿ, ಬೆಲೆ ಮಾತನಾಡಿ, ನೋಂದಾಯಿತ ಕ್ರಯಪತ್ರದ ಮೂಲಕ ಪಡೆಯುವ ವ್ಯವಹಾರ. ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಲ್ಲಿ ಹೂಡಿಕೆಗಾಗಿ ಮೊದಲ ಬಾರಿಗೆ ಜಮೀನು ಕೊಳ್ಳುವವರಿಗೆ ಅನ್ವಯಿಸುವ ಸಂಗತಿಗಳನ್ನು ಈ ಲೇಖನ ವಿವರಿಸುತ್ತದೆ. 1956ರವರೆಗೆ ಮದ್ರಾಸ್ ಆಡಳಿತಕ್ಕೆ ಸೇರಿದ್ದ ಈ ಪ್ರದೇಶದಲ್ಲಿ ವರ್ಗ, ಕುಮ್ಕಿ, ಮೂಲಗೇಣಿ ಮುಂತಾದ ವಿಶಿಷ್ಟ ಭೂಹಿಡುವಳಿ ಪದ್ಧತಿಗಳು ಬೆಳೆದುಬಂದಿವೆ. ಆದ್ದರಿಂದ ಸ್ಥಳದಲ್ಲಿ ತೋರಿಸಲಾಗುವ ಭೂಮಿಯೂ ದಾಖಲೆಯ ಪ್ರಕಾರ ಮಾರಬಹುದಾದ ಭೂಮಿಯೂ ಅನೇಕ ವೇಳೆ ಒಂದೇ ಆಗಿರುವುದಿಲ್ಲ. ಬೆಲೆಯ ಚೌಕಾಸಿ ಆರಂಭವಾಗಬೇಕಾದುದು ಈ ವ್ಯತ್ಯಾಸದಿಂದಲೇ.

ಹಿನ್ನೆಲೆ

ಹಿಂದೆ ಜಿಲ್ಲೆಯ ಕೃಷಿಭೂಮಿಯ ಬಹುಭಾಗವನ್ನು ಗೇಣಿದಾರರು ಸಾಗುವಳಿ ಮಾಡುತ್ತಿದ್ದರು. ಮೂಲಗೇಣಿಯು ಶಾಶ್ವತವಾದ, ಗೇಣಿ ನಿಗದಿಯಾದ ಹಿಡುವಳಿ. ಚಾಲಗೇಣಿಯು ಒಡೆಯನ ಇಚ್ಛೆಯನ್ನು ಅವಲಂಬಿಸಿದ್ದ ಹಿಡುವಳಿ. ದೇವರಾಜ ಅರಸು ಅವರ ಸರಕಾರ ತಂದ ತಿದ್ದುಪಡಿಯಿಂದಾಗಿ, 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯನ್ವಯ 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರಕಾರದಲ್ಲಿ ನಿಹಿತವಾದವು. ಸಾಗುವಳಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ, ಭೂನ್ಯಾಯ ಮಂಡಳಿಯಿಂದ ಅಧಿಭೋಗದ ಹಕ್ಕನ್ನು ಪಡೆದರು. ಇಂದು ಮಾರಾಟಕ್ಕೆ ಬರುವ ಅನೇಕ ಜಮೀನುಗಳ ಮೂಲಪತ್ರ ಈ ಮಂಡಳಿಯ ಆದೇಶವೇ ಆಗಿದೆ.

ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ಮತ್ತು ಆದಾಯದ ಮಿತಿಯನ್ನು ಮೀರಿದವರ ಖರೀದಿಯನ್ನು ನಿರ್ಬಂಧಿಸಿದ್ದ ಕಲಂ 79ಎ ಮತ್ತು 79ಬಿಗಳನ್ನು 2020ರ ತಿದ್ದುಪಡಿಯು ಕೈಬಿಟ್ಟಿತು. ಅನಂತರ ಕೃಷಿ ಹಿನ್ನೆಲೆಯಿಲ್ಲದವರಿಗೂ ತೋಟ, ಗದ್ದೆಗಳ ಖರೀದಿ ಸಾಧ್ಯವಾಯಿತು. ಆದರೆ ಕೃಷಿಭೂಮಿಯನ್ನು ಕೊಂಡ ಮಾತ್ರಕ್ಕೆ ಅಲ್ಲಿ ವಾಣಿಜ್ಯ ಕಟ್ಟಡ ಕಟ್ಟಲು ಹಕ್ಕು ದೊರೆಯುವುದಿಲ್ಲ. ಅದಕ್ಕೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಕಲಂ 95ರನ್ವಯ ಭೂಪರಿವರ್ತನೆ ಆಗಬೇಕು.

ಭೂಮಿಯ ವಿಧಗಳು ಮತ್ತು ಅಳತೆ

ಜಿಲ್ಲೆಯ ಭತ್ತದ ಗದ್ದೆಗಳನ್ನು ನೀರಿನ ಲಭ್ಯತೆಗೆ ಅನುಸಾರವಾಗಿ ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುವುದು ರೂಢಿ. ತಗ್ಗಿನ ಬೈಲಿನಲ್ಲಿ ನೀರು ಹೆಚ್ಚು. ಬೆಟ್ಟು ಗದ್ದೆಗೆ ಮಳೆಯೇ ಆಧಾರ. ದಾಖಲೆಗಳಲ್ಲಿ ನಂಜ, ಪುಂಜ, ಬಾಗಾಯ್ತು ಎಂಬ ಪದಗಳು ಕ್ರಮವಾಗಿ ತರಿ, ಖುಷ್ಕಿ ಮತ್ತು ತೋಟದ ಭೂಮಿಯನ್ನು ಸೂಚಿಸುತ್ತವೆ. ವಿಸ್ತೀರ್ಣವನ್ನು ಎಕರೆ ಮತ್ತು ಸೆಂಟ್ಸ್‌ಗಳಲ್ಲಿ ಹೇಳಲಾಗುತ್ತದೆ. 100 ಸೆಂಟ್ಸ್ ಒಂದು ಎಕರೆ. ಒಂದು ಸೆಂಟ್ಸ್ 435.6 ಚದರ ಅಡಿ. ಎರಡೂವರೆ ಸೆಂಟ್ಸ್ ಒಂದು ಗುಂಟೆ.

ಕುಮ್ಕಿ

ಕದೀಂ ವರ್ಗ ಭೂಮಿಯ ಗಡಿಯಿಂದ 100 ಗಜದೊಳಗಿನ ಸರಕಾರಿ ಭೂಮಿಯಲ್ಲಿ ವರ್ಗದಾರನಿಗೆ ಸೊಪ್ಪು, ಸೌದೆ, ಮೇವು ಮುಂತಾದವುಗಳನ್ನು ಪಡೆಯಲು ಇರುವ ಸವಲತ್ತಿಗೆ ಕುಮ್ಕಿ ಎಂದು ಹೆಸರು. ಭೂಕಂದಾಯ ಕಾಯ್ದೆಯ ಕಲಂ 79 ಈ ಸವಲತ್ತನ್ನು ಮುಂದುವರಿಸಿದೆ. ಇದು ಬಳಕೆಯ ಸವಲತ್ತೇ ಹೊರತು ಒಡೆತನವಲ್ಲ. ಭೂಮಿ ಸರಕಾರದ್ದಾಗಿಯೇ ಉಳಿಯುತ್ತದೆ. ಆದರೆ ಅನೇಕ ಕಡೆ ಕುಮ್ಕಿಯಲ್ಲಿ ಅಡಿಕೆ, ರಬ್ಬರ್, ಗೇರು ಬೆಳೆದು, ಬೇಲಿಯೂ ಆಗಿರುವುದರಿಂದ ನೋಡುವವರಿಗೆ ಇಡೀ ತೋಟ ಒಂದೇ ಆಸ್ತಿಯಂತೆ ಕಾಣುತ್ತದೆ.

ಉದಾಹರಣೆಗೆ, ಸೆಂಟ್ಸ್‌ಗೆ 1 ಲಕ್ಷ ರೂಪಾಯಿಯಂತೆ 60 ಸೆಂಟ್ಸ್ ತೋಟಕ್ಕೆ 60 ಲಕ್ಷ ರೂಪಾಯಿ ಹೇಳಲಾಗಿದೆ ಎಂದುಕೊಳ್ಳೋಣ. ಪಹಣಿಯಲ್ಲಿ 42 ಸೆಂಟ್ಸ್ ಮಾತ್ರ ಇದ್ದು ಉಳಿದ 18 ಸೆಂಟ್ಸ್ ಕುಮ್ಕಿಯಾಗಿದ್ದರೆ, ಅದೇ ದರದಲ್ಲಿ ಮಾರಬಹುದಾದ ಭೂಮಿಯ ಬೆಲೆ 42 ಲಕ್ಷ ರೂಪಾಯಿ. ಕುಮ್ಕಿಗೆ ಬಳಕೆಯ ಮೌಲ್ಯ ಇರಬಹುದು. ಆದರೆ ಅದನ್ನು ಪಟ್ಟಾ ಭೂಮಿಯ ದರದಲ್ಲಿ ಎಣಿಸಿದರೆ, ಕೊಳ್ಳುವವನು 18 ಲಕ್ಷ ರೂಪಾಯಿಯನ್ನು ತನ್ನದಾಗದ ಭೂಮಿಗೆ ತೆತ್ತಂತಾಗುತ್ತದೆ.

ಜಮೀನು ಹುಡುಕುವ ಮಾರ್ಗಗಳು

ಗ್ರಾಮಗಳಲ್ಲಿ ಮಾರಾಟದ ಸುದ್ದಿ ಹೆಚ್ಚಾಗಿ ನೆರೆಹೊರೆಯವರು, ಸಂಬಂಧಿಕರು ಮತ್ತು ದಲ್ಲಾಳಿಗಳ ಮೂಲಕ ಹರಡುತ್ತದೆ. ಬ್ಯಾಂಕುಗಳ ಹರಾಜು ಇನ್ನೊಂದು ಮಾರ್ಗ. 2002ರ ಸರ್ಫೇಸಿ ಕಾಯ್ದೆಯು ಕೃಷಿಭೂಮಿಗೆ ಅನ್ವಯಿಸದ ಕಾರಣ, ಆ ಕಾಯ್ದೆಯಡಿಯ ಹರಾಜಿನಲ್ಲಿ ಮನೆ, ಅಂಗಡಿ ಮತ್ತು ಪರಿವರ್ತಿತ ನಿವೇಶನಗಳು ಬರುತ್ತವೆ. ಬಡಾವಣೆಯ ವಿಸ್ತೀರ್ಣ 500 ಚದರ ಮೀಟರ್ ಮೀರಿದ್ದು, ನಿವೇಶನಗಳು ಎಂಟಕ್ಕಿಂತ ಹೆಚ್ಚಿದ್ದರೆ ಅದು 2016ರ ರೇರಾ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ನೋಡಬೇಕು.

ಬೇಡಿಕೆಯ ಕಾರಣಗಳು ಊರಿಂದೂರಿಗೆ ಬೇರೆ. ಮೂಡುಬಿದಿರೆ ಮತ್ತು ಬೆಳ್ತಂಗಡಿ ತಾಲೂಕಿನ ಉಜಿರೆಗಳಲ್ಲಿ ಶಿಕ್ಷಣ ಸಂಸ್ಥೆಗಳಿಂದಾಗಿ ಬಾಡಿಗೆ ಮನೆಗಳಿಗೆ ಬೇಡಿಕೆಯಿದೆ. ಬಂಟ್ವಾಳದ ಬಿ.ಸಿ.ರೋಡ್ ಮಂಗಳೂರು–ಬೆಂಗಳೂರು ಹೆದ್ದಾರಿಯ ಮೇಲಿನ ವ್ಯಾಪಾರ ಕೇಂದ್ರ. ಹೆದ್ದಾರಿ ಬದಿಯ ಜಮೀನಿಗೆ ಭೂಸ್ವಾಧೀನದ ಅಧಿಸೂಚನೆ ಆಗಿದೆಯೇ ಎಂದು, ನೇತ್ರಾವತಿ ತೀರದ ಜಮೀನಿನಲ್ಲಿ ನೆರೆ ಎಲ್ಲಿಯವರೆಗೆ ಬರುತ್ತದೆ ಎಂದು ವಿಚಾರಿಸುವುದು ಅಗತ್ಯ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಂದು ಭಾಗ ಬೆಳ್ತಂಗಡಿ ತಾಲೂಕಿನಲ್ಲಿರುವುದರಿಂದ, ಘಟ್ಟದ ತಪ್ಪಲಿನಲ್ಲಿ ಅರಣ್ಯದ ಗಡಿಯನ್ನೂ ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ದಾಖಲೆಗಳ ಪರಿಶೀಲನೆ

* ಪಹಣಿ (ಆರ್‌ಟಿಸಿ): 9ನೇ ಕಾಲಂನಲ್ಲಿ ಹಕ್ಕುದಾರರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳಿರುತ್ತವೆ. ಪಹಣಿಯ ನಮೂದು ಸತ್ಯವೆಂದು ಕಾನೂನು ಭಾವಿಸುತ್ತದೆಯಾದರೂ ಅದು ಒಡೆತನದ ಅಂತಿಮ ಪುರಾವೆಯಲ್ಲ.
* ಋಣಭಾರ ಪ್ರಮಾಣ ಪತ್ರ: ನೋಂದಣಿಯಾದ ಅಡಮಾನ, ವಿಭಾಗ, ಮಾರಾಟಗಳನ್ನು ತೋರಿಸುತ್ತದೆ. ನೋಂದಣಿಯಾಗದ ಸಾಲ ಅಥವಾ ಕರಾರು ಇದರಲ್ಲಿ ಕಾಣದು.
* 11ಇ ನಕ್ಷೆ: ಒಂದು ಸರ್ವೆ ನಂಬರಿನ ಭಾಗವನ್ನು ಮಾರುವಾಗ ಬೇಕಾಗುವ ಅಳತೆಯ ನಕ್ಷೆ.
* ನಮೂನೆ 9 ಮತ್ತು 11: ಗ್ರಾಮ ಪಂಚಾಯತಿ ವ್ಯಾಪ್ತಿಯ ಪರಿವರ್ತಿತ ನಿವೇಶನಗಳಿಗೆ ಇ-ಸ್ವತ್ತು ತಂತ್ರಾಂಶದ ಮೂಲಕ ದೊರೆಯುವ ದಾಖಲೆ.
* ಮಂಜೂರಾತಿ ಆದೇಶ: ದರಖಾಸ್ತು ಅಥವಾ ಅಕ್ರಮ-ಸಕ್ರಮದಲ್ಲಿ ದೊರೆತ ಭೂಮಿಗೆ ಪರಭಾರೆಯ ಷರತ್ತುಗಳಿರುತ್ತವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರಕಾರದ ಪೂರ್ವಾನುಮತಿ ಇಲ್ಲದೆ ಕೊಳ್ಳುವುದನ್ನು 1978ರ ಕಾಯ್ದೆ ನಿಷೇಧಿಸುತ್ತದೆ.

ಕುಟುಂಬದ ಪಾಲುದಾರಿಕೆ ಇಲ್ಲಿ ವಿಶೇಷ ಗಮನ ಬೇಡುವ ವಿಷಯ. ಬಂಟರೂ ಸೇರಿದಂತೆ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿ ಇದ್ದು, ಆಸ್ತಿ ತಾಯಿಯ ವಂಶದ ಕವರುಗಳಿಗೆ ಸೇರುತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಬಳಿಕ ನಿಯಮ ಬದಲಾದರೂ, ಹಳೆಯ ವಿಭಾಗಪತ್ರಗಳನ್ನು ಓದದೆ ಯಾರ ಸಹಿ ಬೇಕೆಂದು ತಿಳಿಯದು. ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ನೆಲೆಸಿದ ಪಾಲುದಾರರ ಒಪ್ಪಿಗೆಯೂ ಅಷ್ಟೇ ಮುಖ್ಯ. ಜಮೀನಿನಲ್ಲಿ ನಾಗಬನ ಅಥವಾ ದೈವಸ್ಥಾನ ಇದ್ದರೆ, ಕುಟುಂಬದವರು ಬಂದುಹೋಗುವ ದಾರಿ ಮತ್ತು ಸೇವೆಯ ಕ್ರಮವನ್ನು ಮೊದಲೇ ಇತ್ಯರ್ಥಪಡಿಸಿಕೊಳ್ಳುವುದು ಸೂಕ್ತ.

ಬೆಲೆಯ ಮಾತುಕತೆ

ಸರಕಾರದ ಮಾರ್ಗಸೂಚಿ ಮೌಲ್ಯವು ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಆಧಾರ; ಮಾರುಕಟ್ಟೆ ಬೆಲೆ ಅದಕ್ಕಿಂತ ಭಿನ್ನವಾಗಿರಬಹುದು. ಮಾರುವವರ ಜರೂರನ್ನು ಬಳಸಿಕೊಂಡು ಬೆಲೆ ಇಳಿಸುವುದಕ್ಕಿಂತ, ಜಮೀನಿನ ಸ್ಥಿತಿಗೆ ತಗಲುವ ವೆಚ್ಚವನ್ನು ಲೆಕ್ಕಹಾಕಿ ಮುಂದಿಡುವುದು ಹೆಚ್ಚು ಫಲಕಾರಿ. ದಾರಿಯ ಹಕ್ಕಿಲ್ಲದಿರುವುದು, ಬೇಸಗೆಯಲ್ಲಿ ಬಾವಿ ಬತ್ತುವುದು, ಅಳತೆ ಆಗಬೇಕಾಗಿರುವುದು, ಸಹಕಾರಿ ಸಂಘದ ಸಾಲ ಬಾಕಿ ಇರುವುದು ಇವೆಲ್ಲಕ್ಕೂ ಹಣದ ಲೆಕ್ಕವಿದೆ. ಯಾವ ಕೆಲಸವನ್ನು ಯಾರು, ಎಷ್ಟು ದಿನಗಳೊಳಗೆ ಮಾಡಿಕೊಡಬೇಕು ಎಂಬುದೂ ಬೆಲೆಯಷ್ಟೇ ಚರ್ಚೆಯ ವಿಷಯ.

ಒಪ್ಪಿದ ಅಂಶಗಳನ್ನು ಕರಾರುಪತ್ರದಲ್ಲಿ ಬರೆಯಬೇಕು: ಪಹಣಿಯ ವಿಸ್ತೀರ್ಣ, ಅಳತೆಯಲ್ಲಿ ಕಡಿಮೆ ಬಂದರೆ ಬೆಲೆ ಇಳಿಸುವ ಕ್ರಮ, ಮುಂಗಡದ ಮೊತ್ತ, ಅವಧಿ, ಹಕ್ಕಿನಲ್ಲಿ ದೋಷ ಕಂಡರೆ ಮುಂಗಡ ಹಿಂತಿರುಗಿಸುವ ಷರತ್ತು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಮಿಗಿಲಾದ ಮುಂಗಡವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಅವಕಾಶ ನೀಡುವುದಿಲ್ಲ.

ನೋಂದಣಿ

1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಕರಾರುಪತ್ರವೊಂದರಿಂದಲೇ ಒಡೆತನ ಬರುವುದಿಲ್ಲ. ಅಧಿಕಾರಪತ್ರದ ಮೂಲಕ ನಡೆಸುವ ‘ಮಾರಾಟ’ವೂ ಹಕ್ಕನ್ನು ವರ್ಗಾಯಿಸದು ಎಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಸ್ಪಷ್ಟಪಡಿಸಿದೆ. ಕ್ರಯಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಮುದ್ರಾಂಕ ಶುಲ್ಕದ ಜತೆಗೆ ಪಾವತಿಸಬೇಕಾದ ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿಸಲಾಗಿದೆ. ನೋಂದಣಿಯ ಅನಂತರ ಹಕ್ಕು ಬದಲಾವಣೆಯಾಗಿ, ಕೃಷಿಭೂಮಿಯಾದರೆ ಪಹಣಿಯಲ್ಲಿ, ನಿವೇಶನವಾದರೆ ಸ್ಥಳೀಯ ಸಂಸ್ಥೆಯ ಖಾತೆಯಲ್ಲಿ ಹೊಸ ಹೆಸರು ದಾಖಲಾಗುವವರೆಗೆ ಖರೀದಿಯ ಕೆಲಸ ಮುಗಿದಂತಾಗುವುದಿಲ್ಲ.