ಕೂಟದ ಗಿಟಾರಿಗೆ ಎಷ್ಟು ಬಂಡವಾಳ ಬೇಕು?

ಹೊರನಾಡಿನ ನಮ್ಮ ಮನೆಗಳಲ್ಲಿ ಹಬ್ಬದ ಊಟ ಮುಗಿದ ಮೇಲೆ ಯಾರಾದರೂ "ಒಂದು ಹಾಡು ಆಗಲಿ" ಎಂದರೆ, ನಾವೆಲ್ಲ ಒಬ್ಬರ ಮುಖವನ್ನೊಬ್ಬರು ನೋಡುತ್ತೇವೆ. ಹಾಡು ಬಾರದೆಂದಲ್ಲ, ಎಲ್ಲರಿಗೂ ಬರುವ ಹಾಡು ಯಾವುದೆಂದು ತಿಳಿಯದು. ಈ ತೊಡಕನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡ ಜನರ ಕಥೆಯೊಂದನ್ನು ಈ ಸಲ ವಾಚಕರ ಮುಂದಿಡುತ್ತೇವೆ. ಅವರು ಸ್ಪೇನ್ ದೇಶದ ದಕ್ಷಿಣ ಭಾಗವಾದ ಆಂದಲೂಸಿಯದ ಹಿತಾನೊ ಜನ. ನೆರೆಯ ಆಂದಲೂಸಿಯನ್ನರೊಡನೆ ಕೂಡಿ ಅವರು ಬೆಳೆಸಿದ ಸಂಗೀತವೇ ಫ್ಲಮೆಂಕೊ.

ಹಿತಾನೊಗಳ ಪೂರ್ವಜರು ಭಾರತದಿಂದ ವಲಸೆ ಹೋದವರೆಂಬುದಕ್ಕೆ ಅವರ ರೋಮಾನಿ ಭಾಷೆಯೇ ಸಾಕ್ಷಿ. 15ನೆಯ ಶತಮಾನದಲ್ಲಿ ಅವರು ಸ್ಪೇನನ್ನು ಮುಟ್ಟಿದರು. 1499ರಿಂದಲೇ ಅವರ ಅಲೆದಾಟದ ವಿರುದ್ಧ ರಾಜಾಜ್ಞೆಗಳು ಹೊರಟವು. 1749ರಲ್ಲಿ ಸಾವಿರಾರು ಮಂದಿಯನ್ನು ಒಮ್ಮೆಗೇ ಬಂಧಿಸಿ, ಗಂಡಸರನ್ನು ಹೆಂಡಿರು ಮಕ್ಕಳಿಂದ ಬೇರ್ಪಡಿಸಿದರು. 1783ರ ಆಜ್ಞೆ ಅವರಿಗೆ ನೆಲೆಸುವ ಸ್ವಾತಂತ್ರ್ಯವನ್ನೇನೋ ಕೊಟ್ಟಿತು. ಆದರೆ ತಮ್ಮ ಭಾಷೆಯನ್ನೂ ಉಡುಪನ್ನೂ ಬಿಡಬೇಕೆಂದು ವಿಧಿಸಿತು. ಭಾಷೆ ಬಹುಮಟ್ಟಿಗೆ ಹೋಯಿತು. ಸ್ಪ್ಯಾನಿಷ್ ವ್ಯಾಕರಣದೊಳಗೆ ಹಳೆಯ ಕೆಲವು ಶಬ್ದಗಳು ಮಾತ್ರ ಉಳಿದವು. ಉಳಿದುಕೊಂಡ ಇನ್ನೊಂದು ಸಂಪತ್ತು, ಮನೆಯಂಗಳದಲ್ಲಿ ಕೂಡಿ ಹಾಡುವ ರೂಢಿ.

ಇಂಥ ಕೂಟಕ್ಕೆ 'ಹ್ವೆರ್ಗ' ಎಂದು ಹೆಸರು. ವೇದಿಕೆಯಿಲ್ಲ, ಟಿಕೇಟಿಲ್ಲ. ಒಬ್ಬ ಹಾಡುತ್ತಾನೆ, ಒಬ್ಬ ಗಿಟಾರ್ ಹಿಡಿಯುತ್ತಾನೆ, ಉಳಿದವರು ಚಪ್ಪಾಳೆಯಿಂದ ತಾಳ ಕಾಯುತ್ತಾರೆ. ಹಣವಂತರು ಕಲಾವಿದರನ್ನು ಕರೆಸಿ ನಡೆಸುತ್ತಿದ್ದ ಹ್ವೆರ್ಗಗಳೂ ಇದ್ದವು. ಅಲ್ಲಿ ಬೆಳಗಾಗುವವರೆಗೆ ನುಡಿಸಿ, ಯಜಮಾನನ ಮರ್ಜಿಯಂತೆ ಕೊಟ್ಟಷ್ಟನ್ನು ತೆಗೆದುಕೊಂಡು ಬರಬೇಕಾಗಿತ್ತು. ಆ ಕಹಿಯನ್ನು ಮರೆತು ಈ ಕಥೆಯನ್ನು ಹೇಳುವುದು ನ್ಯಾಯವಲ್ಲ.

ಕೂಟದ ಗಿಟಾರ್ ವಾದಕನಿಗೆ ಎಷ್ಟು ಬಂಡವಾಳ ಬೇಕು? ಬೆರಳೆಣಿಕೆಯಷ್ಟೇ. ನಾಲ್ಕೆಣಿಕೆಯ ತಾಂಗೊಸ್ ಮತ್ತು ರುಂಬ. ಮೂರರ ನಡೆಯ ಹುಯೆಲ್ವ ಊರಿನ ಫಾಂದಾಂಗೊ. ಸೆವಿಲ್ಯ ನಗರದ ವಸಂತದ ಜಾತ್ರೆಯಲ್ಲಿ ಜೋಡಿಯಾಗಿ ಕುಣಿಯುವ, ನಾಲ್ಕು ಭಾಗಗಳ ಸೆವಿಲ್ಯಾನಸ್. ಆಮೇಲೆ ಹನ್ನೆರಡರ ಗುಂಪು: ಗಂಭೀರವಾದ ಸೊಲೆಯ, ಕಾದಿಸ್ ಬಂದರಿನ ಉಲ್ಲಾಸದ ಅಲೆಗ್ರಿಯಸ್, ಕೊನೆಯಲ್ಲಿ ಎಲ್ಲರನ್ನೂ ಎಬ್ಬಿಸಿ ಕುಣಿಸುವ ಬುಲೇರಿಯಸ್.

ಲೆಕ್ಕದಲ್ಲಿ ಆಸಕ್ತಿಯಿರುವವರಿಗೆ ಈ ಹನ್ನೆರಡು ರುಚಿಸುವ ವಿಷಯ. ಸೊಲೆಯದಲ್ಲಿ 3, 6, 8, 10, 12ನೆಯ ಎಣಿಕೆಗಳ ಮೇಲೆ ಒತ್ತು, ಅಂದರೆ 3+3+2+2+2. ಇದನ್ನೇ ಚುರುಕುಗೊಳಿಸಿ, ಹನ್ನೆರಡರಿಂದ ಎಣಿಸತೊಡಗಿದರೆ ಬುಲೇರಿಯಸ್. ಶೋಕದ ಸಿಗಿರಿಯದಲ್ಲಿ ಅದು 2+2+3+3+2. ಒಂದೇ ಸರಪಳಿಯನ್ನು ಬೇರೆ ಕೊಂಡಿಯಿಂದ ಹಿಡಿದಂತೆ! ಸೊಲೆಯದ ಸ್ವರಗಳು ನಮ್ಮ ತೋಡಿಯನ್ನೂ, ಅಲೆಗ್ರಿಯಸ್ ಶಂಕರಾಭರಣವನ್ನೂ ನೆನಪಿಗೆ ತರುತ್ತವೆ. ಇದು ಬರಿಯ ಹೋಲಿಕೆ. ಇದರಿಂದ ನೆಂಟಸ್ತನ ಸಿದ್ಧವಾಗುವುದಿಲ್ಲ.

ವಾದಕನ ಮುಖ್ಯ ಧರ್ಮ ಹಾಡುವವನನ್ನು ಕಾಯುವುದು. ಅವನ ಕಂಠಕ್ಕೆ ತಕ್ಕಂತೆ ಗಿಟಾರಿನ ಕತ್ತಿಗೆ 'ಸೆಹೀಯ' ಎಂಬ ಪಟ್ಟಿಯನ್ನು ಬಿಗಿದು ಶ್ರುತಿ ಏರಿಸಿಕೊಳ್ಳಬೇಕು. ಅವನು ಉಸಿರೆಳೆದುಕೊಳ್ಳುವಾಗ ಮಾತ್ರ 'ಫಲ್ಸೇತ' ಎಂಬ ಚಿಕ್ಕ ಸ್ವರಗುಚ್ಛವನ್ನು ನುಡಿಸಿ, ಮತ್ತೆ ಹಿಂದೆ ಸರಿಯಬೇಕು.

1936ರಲ್ಲಿ ರಮೋನ್ ಮೊಂತೋಯ ಪ್ಯಾರಿಸ್ಸಿನಲ್ಲಿ ಧ್ವನಿಮುದ್ರಿಸಿದ ಒಂಟಿ ಗಿಟಾರ್ ವಾದನ ಈ ವಾದ್ಯಕ್ಕೆ ಸ್ವತಂತ್ರ ಗೌರವವನ್ನು ತಂದಿತು. 1973ರ ಪಾಕೊ ದೆ ಲೂಸಿಯ ಅವರ 'ಎಂತ್ರೆ ದೋಸ್ ಆಗ್ವಾಸ್' ಎಂಬ ರುಂಬ ಜಗತ್ತಿನೆಲ್ಲೆಡೆ ಹಬ್ಬಿತು. ಅದೇ ವರ್ಷ ತೀರಿಕೊಂಡ ದಿಯೆಗೊ ದೆಲ್ ಗಾಸ್ತೋರ್ ಮಾತ್ರ ಬಹುಪಾಲು ಮೊರೋನ್ ಎಂಬ ಸಣ್ಣ ಊರಿನ ಕೂಟಗಳಲ್ಲಿಯೇ ನುಡಿಸಿದವರು. ಬೆರಳುಗಳ ವೇಗಕ್ಕಿಂತ ಎರಡು ಸ್ವರಗಳ ನಡುವಣ ಮೌನವನ್ನು ನಂಬಿದವರು. 1960ರ ದಶಕದಲ್ಲಿ ಅಮೆರಿಕದ ತರುಣರು ಅವರನ್ನು ಕೇಳಲೆಂದೇ ಆ ಊರಿಗೆ ಬಂದರು. 2010ರಲ್ಲಿ ಯುನೆಸ್ಕೊ ಫ್ಲಮೆಂಕೊವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಕಾಲಕ್ಕೆ ಭಾಷೆಯನ್ನು ಬಿಡಿರೆಂದು ಆಜ್ಞೆ ಹೊತ್ತ ಜನಕ್ಕೂ ಆ ಗೌರವದಲ್ಲಿ ಪಾಲಿದೆ.

ಕಳೆದ ಯುಗಾದಿಯಂದು ನಮ್ಮ ಕಟ್ಟಡದಲ್ಲಿ ಸೇರಿದ್ದ ಕನ್ನಡ ಕುಟುಂಬಗಳ ನಡುವೆ ಒಬ್ಬ ಹುಡುಗ ಗಿಟಾರ್ ನುಡಿಸಿದ. ಕೈ ಬಹಳ ಚುರುಕು. ನಾವೆಲ್ಲ ಸುಮ್ಮನೆ ಕೇಳಿ ಚಪ್ಪಾಳೆ ತಟ್ಟಿದೆವು. ಬಳಿಕ ಅಜ್ಜಿಯೊಬ್ಬರು ಕೋಲಾಟದ ಪದವೊಂದನ್ನು ಎತ್ತಿಕೊಂಡರು. ಹುಡುಗನಿಗೆ ಕನ್ನಡ ಓದಲು ಬಾರದು. ಆದರೂ ತುಸು ಹೊತ್ತು ತಡಕಾಡಿ, ಅಜ್ಜಿಯ ಶ್ರುತಿಯನ್ನು ಹಿಡಿದು, ಎರಡೇ ತಂತಿಗಳಲ್ಲಿ ಜೊತೆಗೂಡಿದ. ಆಗ ನಾವು ಕೇಳುವವರಾಗಿ ಉಳಿಯಲಿಲ್ಲ. ಎಲ್ಲರ ಕೈಗಳೂ ತಾಳಕ್ಕೆ ಬಂದವು. ಪದ ಮುಗಿದ ಮೇಲೆ ಅವನು ಅಜ್ಜಿಯನ್ನು ಕೇಳಿದ: "ಇದರ ಅರ್ಥ ಏನಜ್ಜಿ?"

ಅದೇ ಬಂಡವಾಳ. ನಮ್ಮ ಪ್ರತಿಯೊಂದು ಮನೆಯೂ ಎಲ್ಲರೂ ಹಾಡಬಲ್ಲ ನಾಲ್ಕೇ ಪದಗಳನ್ನು ಮಕ್ಕಳಿಗೆ ಕಲಿಸಿದರೆ, ಮುಂದಿನ ಹಬ್ಬಕ್ಕೆ ಅಷ್ಟು ಸಾಕು.